ಒಳಬಣ್ಣ, ಹೊರಬಣ್ಣ

‘ಮ್ಯಾಚಿಂಗ್’ ಎಂಬುದು ಹುಟ್ಟಿನಿಂದ ಇಂಗ್ಲಿಷ್ ಮಾತಾದರೂ ನಮ್ಮ ಮನೆಗಳಲ್ಲಿ ಅದನ್ನು ಇಂಗ್ಲಿಷ್ ಎಂದು ಯಾರೂ ಈಗ ಎಣಿಸುವುದಿಲ್ಲ. ಸೀರೆಗೆ ರವಿಕೆ, ರವಿಕೆಗೆ ಬಳೆ, ಬಳೆಗೆ ಹಣೆಯ ಬೊಟ್ಟು, ಇವು ಒಂದಕ್ಕೊಂದು ಒಪ್ಪಬೇಕೆಂಬ ಆಸೆ ಆ ಮಾತು ಬರುವುದಕ್ಕೆ ಎಷ್ಟೋ ಮುಂಚೆಯೇ ಇದ್ದಿತು. ಮಾತು ಆಮೇಲೆ ಬಂದು ಅದರ ಕೈಹಿಡಿಯಿತು. ಜಯನಗರದ ನಾಲ್ಕನೆಯ ಬ್ಲಾಕಿನಲ್ಲಾಗಲಿ, ಗಾಂಧಿಬಜಾರಿನಲ್ಲಾಗಲಿ ‘ಮ್ಯಾಚಿಂಗ್ ಸೆಂಟರ್’ ಎಂಬ ಹಲಗೆ ಹೊತ್ತ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತವರಿಗೆ ಮನುಷ್ಯ ಸ್ವಭಾವದ ಒಂದು ಮುಖ ಕಂಡೀತು. ಸೀರೆಯ ಅಂಚನ್ನು ರವಿಕೆಯ ಬಟ್ಟೆಯ ಮೇಲಿಟ್ಟು ನೋಡುತ್ತಾರೆ, ಅಂಗಡಿಯವನು ‘ಸೇಮ್ ಕಲರ್ ಅಮ್ಮಾ’ ಎನ್ನುತ್ತಾನೆ, ಅದು ಸಾಲದು. ಎರಡನ್ನೂ ಬಾಗಿಲಿಗೆ ತಂದು ಬಿಸಿಲಿನಲ್ಲಿ ಹಿಡಿದು ನೋಡುತ್ತಾರೆ. ಅಂಗಡಿಯ ದೀಪ ಹೇಳಿದ ಮಾತನ್ನು ಸೂರ್ಯನೂ ಒಪ್ಪಿದ ಮೇಲೆಯೇ ವ್ಯಾಪಾರ.

ಈ ಆಸೆಯನ್ನು ಬರಿಯ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಬೇರು ಬಟ್ಟೆಬರೆಗಿಂತ ಆಳದಲ್ಲಿದೆ. ಆಡುವ ಮಾತಿಗೂ ಮಾಡುವ ಕೆಲಸಕ್ಕೂ ಹೊಂದಿಕೆಯಿರಬೇಕು, ಸಭೆಯಲ್ಲಿ ಕಾಣುವ ಮುಖಕ್ಕೂ ಮನೆಯಲ್ಲಿ ಕಾಣುವ ಮುಖಕ್ಕೂ ಹೊಂದಿಕೆಯಿರಬೇಕು ಎಂದು ನಾವು ಬಯಸುವುದು ಇದೇ ಆಸೆಯ ದೊಡ್ಡ ರೂಪ. ‘ಒಳಗೊಂದು ಹೊರಗೊಂದು’ ಎಂದರೆ ನಮ್ಮಲ್ಲಿ ಬೈಗುಳ. ಹಾಗಾದರೆ ಒಳಗೂ ಹೊರಗೂ ಒಂದೇ ಆಗಿರುವುದು ಯಾವಾಗಲೂ ಗುಣವೇ ಎಂದು ಕೇಳಬೇಕಾಗುತ್ತದೆ. ಈ ಹಳೆಯ ಪ್ರಶ್ನೆ ಈಚೆಗೆ ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಹೊಸದೊಂದು ವೇಷ ತೊಟ್ಟು ಬಂದಿದೆ.

೧೯೪೮ರಲ್ಲಿ ಅಸ್ತಿಭಾರ ಬಿದ್ದ ಜಯನಗರಕ್ಕೆ ಕಂಪ್ಯೂಟರಿನ ನಂಟು ಬಂದು ನಾಲ್ಕು ದಶಕಗಳಾದುವು. ಪುಣೆಯಲ್ಲಿ ಹುಟ್ಟಿ ೧೯೮೩ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಆರಂಭದಲ್ಲಿ ಕಚೇರಿ ಹೂಡಿದ್ದು ಜಯನಗರದಲ್ಲಿಯೇ. ಇಂದು ಬಿ.ಟಿ.ಎಂ. ಬಡಾವಣೆಯ ಪೀಜಿಗಳಲ್ಲಿ, ಜೆ.ಪಿ. ನಗರದ ಮಹಡಿ ಮನೆಗಳಲ್ಲಿ, ಬನಶಂಕರಿಯ ಒಂಟಿ ಕೋಣೆಗಳಲ್ಲಿ ರಾತ್ರಿ ಹನ್ನೊಂದರ ಮೇಲೂ ಉರಿಯುವ ದೀಪಗಳಲ್ಲಿ ಬಹುಪಾಲು ಪರೀಕ್ಷೆಗೆ ಓದುವವರದಲ್ಲ, ಪ್ರೋಗ್ರಾಂ ಬರೆಯುವವರದು. ಅವರೂ ಒಂದು ಬಗೆಯ ಬರಹಗಾರರೇ. ನಮಗೆ ಕಾಗದವಿದ್ದಂತೆ ಅವರಿಗೆ ‘ಎಡಿಟರ್’ ಎಂಬ ಬರವಣಿಗೆಯ ತೆರೆ ಇದೆ. ಆ ತೆರೆಯ ಮೇಲೆ ಅಕ್ಷರಗಳೆಲ್ಲ ಒಂದೇ ಬಣ್ಣದಲ್ಲಿರುವುದಿಲ್ಲ. ಆಜ್ಞೆಯ ಪದಕ್ಕೆ ಒಂದು ಬಣ್ಣ, ಉದ್ಧರಣ ಚಿಹ್ನೆಯೊಳಗಿನ ಮಾತಿಗೆ ಇನ್ನೊಂದು, ಅಂಕಿಗೆ ಮತ್ತೊಂದು, ಬರೆದವನು ಓದುವವನಿಗಾಗಿ ಬಿಡುವ ಟಿಪ್ಪಣಿಗೆ ಸಾಧಾರಣವಾಗಿ ಮಾಸಿದ ಬೂದು. ಈ ಬಣ್ಣಗಳ ಕಟ್ಟಿಗೆ ‘ಥೀಮ್’ ಎಂದು ಹೆಸರು. ವ್ಯಾಕರಣದ ಪಾಠದಲ್ಲಿ ನಾಮಪದಕ್ಕೆ ಕೆಂಪು ಗೆರೆ, ಕ್ರಿಯಾಪದಕ್ಕೆ ನೀಲಿ ಗೆರೆ ಎಳೆಸುತ್ತಿದ್ದ ಮೇಷ್ಟರನ್ನು ನೆನೆದರೆ ಇದರ ಉಪಯೋಗ ತಾನೇ ತಿಳಿಯುತ್ತದೆ.

ಇನ್ನೊಂದು ಕಡೆ ವೆಬ್‌ಸೈಟು. ಅದು ಲೋಕಕ್ಕೆ ಕಾಣುವ ಮುಖ. ಅದರ ಹಿನ್ನೆಲೆ, ಶೀರ್ಷಿಕೆ, ಕೊಂಡಿ ಇವಕ್ಕೆಲ್ಲ ಅದರದೇ ಬಣ್ಣಗಳು. ಅವನ್ನು ಬೇರೊಂದು ಕಡತದಲ್ಲಿ ಬರೆದಿಡುತ್ತಾರೆ. ಎರಡು ಕಡೆಯಲ್ಲೂ ಬಣ್ಣವನ್ನು ಹೆಸರಿಸುವುದು ಅಂಕಿ-ಅಕ್ಷರ ಬೆರೆತ ಆರು ಚಿಹ್ನೆಗಳ ಸಂಕೇತದಿಂದ. ಕೆಂಪಿಗೆ ೨೫೬ ಮೆಟ್ಟಿಲು, ಹಸಿರಿಗೆ ಅಷ್ಟೇ, ನೀಲಿಗೆ ಅಷ್ಟೇ. ಒಟ್ಟು ೧,೬೭,೭೭,೨೧೬ ಬಣ್ಣಗಳು. ಯಾವ ಮ್ಯಾಚಿಂಗ್ ಸೆಂಟರಿನಲ್ಲೂ ಇಷ್ಟು ದಾಸ್ತಾನು ಸಿಕ್ಕದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜೆ.ಪಿ. ನಗರದಲ್ಲಿದ್ದುಕೊಂಡು ಹೊಸದಾಗಿ ಕಲಿಯುವವರಿಗೆ ಪ್ರೋಗ್ರಾಂ ಪಾಠಗಳನ್ನು ಬರೆದು ತನ್ನದೇ ವೆಬ್‌ಸೈಟಿನಲ್ಲಿ ಹಾಕುತ್ತಾನೆ. ಅವನಿಗೊಂದು ಹಟ. ತನ್ನ ಎಡಿಟರಿನ ಬಣ್ಣಗಳು ವೆಬ್‌ಸೈಟಿನ ಬಣ್ಣಗಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ವೆಬ್‌ಸೈಟಿನಲ್ಲಿ ಒಂದು ಬಣ್ಣ ಬದಲಾದರೆ ಅದೇ ದಿನ ಎಡಿಟರಿನಲ್ಲೂ ಬದಲಾಗಬೇಕು. ಏಕಪ್ಪ ಇಷ್ಟು ಶ್ರಮ ಎಂದು ಕೇಳಿದ್ದಕ್ಕೆ, “ಸಾರ್, ಬರೆಯೋ ಜಾಗಕ್ಕೂ ಪ್ರಕಟವಾಗೋ ಜಾಗಕ್ಕೂ ಬೇರೆ ಬೇರೆ ಬಣ್ಣ ಇದ್ರೆ ಎರಡು ಮನೇಲಿ ಸಂಸಾರ ಮಾಡಿದ ಹಾಗಿರುತ್ತೆ” ಎಂದ. ಉಪಮಾನ ಸ್ವಲ್ಪ ಅಪಾಯದ್ದು. ಆದರೆ ಅದರ ಹಿಂದಿನ ಭಾವನೆ ಹಗುರವಾದುದಲ್ಲ. ಅವನ ಗೆಳೆಯರು ಅದನ್ನು ಕೆಲಸವಿಲ್ಲದವರ ಕೆಲಸ ಎಂದು ನಗುತ್ತಾರಂತೆ. ಇಬ್ಬರ ಮಾತಿನಲ್ಲೂ ಎಷ್ಟು ತಿರುಳಿದೆ ಎಂದು ನೋಡಬೇಕು.

ಮೊದಲು ಅವನ ಪಕ್ಷ. ನಮ್ಮ ಮೆಟ್ರೋ ರೈಲನ್ನು ನೋಡಿ. ಹಸಿರು ಮಾರ್ಗ ೨೦೧೭ರಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಗೆ ಬಂದಿತು, ೨೦೨೫ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆಯಿತು. ಆರ್.ವಿ. ರಸ್ತೆಯ ನಿಲ್ದಾಣದಲ್ಲಿ ಎರಡೂ ಸೇರುತ್ತವೆ. ಅಲ್ಲಿ ನಕ್ಷೆಯ ಹಳದಿ ಒಂದು, ಫಲಕದ ಹಳದಿ ಇನ್ನೊಂದು ಆಗಿಬಿಟ್ಟರೆ ಊರಿಗೆ ಹೊಸಬರಾದ ಅಜ್ಜಿಯೊಬ್ಬರು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಬದಲು ಇನ್ನೆಲ್ಲಿಗೋ ಹೋದಾರು. ಇಲ್ಲಿ ಬಣ್ಣವೆಂಬುದು ಅಲಂಕಾರವಲ್ಲ, ಕೊಟ್ಟ ಮಾತು. ಪಾಠ ಬರೆಯುವವನ ವಿಷಯವೂ ಹೀಗೆಯೆ. ಅವನ ವೆಬ್‌ಸೈಟಿನಲ್ಲಿ ಆಜ್ಞೆಯ ಪದಗಳು ನೀಲಿಯಾಗಿ ಕಂಡರೆ ಕಲಿಯುವ ಹುಡುಗ ಅವನ್ನು ನೀಲಿಯಾಗಿಯೇ ನೆನಪಿಡುತ್ತಾನೆ. ಬರೆಯುವವನೂ ಅದನ್ನೇ ನೋಡುತ್ತ ಬರೆದರೆ, ಯಾವುದು ಕಣ್ಣಿಗೆ ಹತ್ತುವುದಿಲ್ಲ, ಯಾವ ಸಾಲು ಮಸುಕಾಗಿದೆ ಎಂಬುದು ಓದುಗನಿಗಿಂತ ಮೊದಲು ಅವನಿಗೆ ತಿಳಿಯುತ್ತದೆ. ಓದುಗನ ಕಣ್ಣನ್ನು ಎರವಲು ಪಡೆದು ಬರೆಯುವುದು ಬರಹಗಾರನಿಗೆ ದೊಡ್ಡ ಶಿಸ್ತು.

ಮಾವಳ್ಳಿ ಟಿಫಿನ್ ರೂಮ್ಸಿನ ಕಥೆ ಬೆಂಗಳೂರಿನವರಿಗೆ ಗೊತ್ತಿರುವುದೇ. ೧೯೨೪ರಲ್ಲಿ ಆರಂಭವಾದ ಆ ಹೋಟೆಲಿನ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳ ಶುಚಿತ್ವವನ್ನು ಕಂಡು ಬಂದರು. ಬಂದವರು ಪಾತ್ರೆಗಳನ್ನು ಹಬೆಯಲ್ಲಿ ತೊಳೆಯುವ ಏರ್ಪಾಡು ಮಾಡಿದರು. ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟರು. ಊಟದ ಮನೆಗೆ ಒಂದು ಶುಚಿ, ಅಡುಗೆಯ ಮನೆಗೆ ಇನ್ನೊಂದು ಶುಚಿ ಎಂಬ ಭೇದ ಅಲ್ಲಿ ಅಳಿಯಿತು. ತೋರುವ ಕಡೆ ಹೇಗೋ ತೋರದ ಕಡೆಯೂ ಹಾಗೆಯೇ ಎಂದು ಹೇಳಬಲ್ಲವನಿಗೆ ಒಂದು ಧೈರ್ಯವಿರುತ್ತದೆ. ನಮ್ಮ ಬಡಾವಣೆಗಳಲ್ಲಿ ಬೀದಿಯ ಕಡೆಯ ಗೋಡೆಗೆ ಮಾತ್ರ ಹೊಳೆಯುವ ಬಣ್ಣ ಬಳಿದು, ಪಕ್ಕದ ಮನೆಯವರು ದಿನವೂ ನೋಡಬೇಕಾದ ಗೋಡೆಗೆ ಸಿಮೆಂಟನ್ನೂ ಮೆತ್ತದೆ ಬಿಟ್ಟ ಮನೆಗಳು ಎಷ್ಟಿಲ್ಲ! ಆ ಧೈರ್ಯ ಆ ಗೋಡೆಗಳಿಗಿಲ್ಲ.

ಇದಕ್ಕಿಂತ ಸೊಗಸಾದ ನಿದರ್ಶನ ಧಾರವಾಡದ ಕಡೆಯ ಕಸೂತಿ. ಕಸೂತಿ ಹಾಕುವ ಹೆಂಗಸರು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ನೂಲಿನ ಎಳೆಗಳನ್ನು ಎಣಿಸಿಕೊಂಡೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಗಂಟು ಹಾಕುವ ಪದ್ಧತಿಯೂ ಇಲ್ಲ. ಅದರಲ್ಲಿ ಗವಂತಿ, ಮುರಗಿ ಎಂಬ ಎರಡು ಹೊಲಿಗೆಗಳುಂಟು. ಸೂಜಿ ಒಂದು ದಾರಿಯಲ್ಲಿ ಹೋಗಿ, ಬಿಟ್ಟ ಎಡೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ಹಾಗಾಗಿ ಸೀರೆಯನ್ನು ತಿರುವಿ ನೋಡಿದರೂ ಅದೇ ಗೋಪುರ, ಅದೇ ತೇರು. ಮಗ್ಗುಲು ಬದಲಾದರೆ ಮುಖ ಬದಲಾಗುವುದಿಲ್ಲ. ಯಾರೂ ನೋಡದ ಒಳಮೈಗೂ ಅಷ್ಟೇ ಶ್ರದ್ಧೆ. ನನ್ನ ವಿದ್ಯಾರ್ಥಿಯ ಹಟಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಅವನೂ ತಂದಾನೆಂದು ತೋರುವುದಿಲ್ಲ.

ಆದರೆ ಕಸೂತಿಯ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ಹೆಂಗಸರ ಕೈಯಲ್ಲಿ ನೇಗಿ, ಮೆಂತೆ ಎಂಬ ಇನ್ನೆರಡು ಹೊಲಿಗೆಗಳೂ ಇವೆ. ನೇಗಿ ನೇಯ್ಗೆಯ ಹಾಗೆ ಕಾಣುತ್ತದೆ. ಮೆಂತೆಯಲ್ಲಿ ದಾರ ಅಡ್ಡಡ್ಡ ಹಾಯ್ದು ಮೈತುಂಬಿಕೊಳ್ಳುತ್ತದೆ. ಇವೆರಡರಲ್ಲೂ ಒಳಮೈ ಹೊರಮೈಯಂತೆ ಇರುವುದಿಲ್ಲ. ಹಾಗೆಂದು ಇವನ್ನು ಯಾರೂ ಕಪಟದ ಹೊಲಿಗೆ ಎಂದು ಹಳಿದದ್ದಿಲ್ಲ. ತೆಳುವಾದ ಗೆರೆಯ ಚಿತ್ರಕ್ಕೆ ಗವಂತಿ, ತುಂಬಿದ ಮೈಯ ಚಿತ್ರಕ್ಕೆ ಮೆಂತೆ. ಯಾವುದಕ್ಕೆ ಯಾವುದು ಎಂದು ತಿಳಿದಿರುವುದೇ ಅಲ್ಲಿನ ಪ್ರಾಮಾಣಿಕತೆ. ಇಲ್ಲಿಂದ ಎದುರು ಪಕ್ಷದ ವಾದ ಆರಂಭವಾಗುತ್ತದೆ.

ವೆಬ್‌ಸೈಟಿನ ಬಣ್ಣ ಯಾವುದಕ್ಕಾಗಿ? ಹಾದುಹೋಗುವವನನ್ನು ನಿಲ್ಲಿಸುವುದಕ್ಕೆ, ಒಂದು ಗುರುತು ಮೂಡಿಸುವುದಕ್ಕೆ. ಅದಕ್ಕೆ ಎರಡು ಮೂರು ಬಣ್ಣ ಸಾಕು. ಎಡಿಟರಿನ ಬಣ್ಣ ಯಾವುದಕ್ಕಾಗಿ? ಪದದಿಂದ ಪದವನ್ನು ಬೇರ್ಪಡಿಸಿ ತೋರುವುದಕ್ಕೆ, ಎಂಟು ಗಂಟೆ ನೋಡಿದರೂ ಕಣ್ಣು ದಣಿಯದಂತೆ ಇರುವುದಕ್ಕೆ. ಅದಕ್ಕೆ ಎಂಟು ಹತ್ತು ಬಣ್ಣಗಳು ಬೇಕು. ಒಂದು ವೆಬ್‌ಸೈಟಿನ ಗುರುತು ಕುಂಕುಮದ ಕೆಂಪು ಎಂದಿಟ್ಟುಕೊಳ್ಳೋಣ. ಎಡಿಟರಿನಲ್ಲಿ ಕೆಂಪು ಎಂದರೆ ವಾಡಿಕೆಯಲ್ಲಿ ತಪ್ಪಿನ ಗುರುತು. ಹೊಂದಿಕೆಯ ಹಟದಿಂದ ಆಜ್ಞೆಯ ಪದಗಳನ್ನೆಲ್ಲ ಕುಂಕುಮದಲ್ಲಿ ಅದ್ದಿದರೆ, ತಿದ್ದಿ ಕೊಟ್ಟ ಉತ್ತರಪತ್ರಿಕೆಯಂತೆ ತೆರೆಯೆಲ್ಲ ಕೆಂಪಾಗುತ್ತದೆ. ನಿಜವಾದ ತಪ್ಪು ಆ ಕೆಂಪಿನ ಜಾತ್ರೆಯಲ್ಲಿ ಕಳೆದುಹೋಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನು ಕುರಿತು ವಿಚಾರ ಮಾಡುವಾಗ ಕೊಟ್ಟ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಡಾಬು ಒಳ್ಳೆಯ ಒಡವೆ, ಹಾರವೂ ಒಳ್ಳೆಯ ಒಡವೆ. ಆದರೆ ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡರೆ ಜನ ನಗುತ್ತಾರೆ. ಅದು ಚಿನ್ನದ ದೋಷವಲ್ಲ, ಸ್ಥಾನದ ದೋಷ.

ಕಣ್ಣಿನದೂ ಒಂದು ತಕರಾರಿದೆ. ಪ್ಯಾರಿಸಿನ ಗೊಬೆಲಿನ್ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಷೆವ್ರಲ್ ಎಂಬ ರಸಾಯನ ವಿಜ್ಞಾನಿ, ಕೆಲವು ನೂಲಿನ ಬಣ್ಣ ಮಂಕಾಗಿದೆ ಎಂಬ ದೂರನ್ನು ವಿಚಾರಿಸಹೊರಟು ಒಂದು ಸತ್ಯವನ್ನು ಕಂಡುಕೊಂಡ. ದೋಷವಿದ್ದುದು ಬಣ್ಣದಲ್ಲಲ್ಲ, ಅದರ ನೆರೆಹೊರೆಯಲ್ಲಿ. ಒಂದೇ ಬಣ್ಣ ಬೇರೆ ಬೇರೆ ಬಣ್ಣಗಳ ಪಕ್ಕದಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ೧೮೩೯ರಲ್ಲಿ ಅವನು ಇದನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಹೀಗಿರುವಾಗ ಬಿಳಿಯ ಹಿನ್ನೆಲೆಯ ವೆಬ್‌ಸೈಟಿನಿಂದ ಒಂದು ನೀಲಿಯನ್ನು ತೆಗೆದು, ರಾತ್ರಿಯ ಕೆಲಸಕ್ಕೆಂದು ಕಪ್ಪುಮಾಡಿಕೊಂಡ ಎಡಿಟರಿನಲ್ಲಿಟ್ಟರೆ, ಆರು ಚಿಹ್ನೆಗಳ ಸಂಕೇತ ಒಂದೇ ಆದರೂ ಕಣ್ಣಿಗೆ ಅದು ಆ ನೀಲಿಯಲ್ಲ. ಅಕ್ಷರಶಃ ಒಂದಾಗಿರುವುದು ಅನುಭವದಲ್ಲಿ ಬೇರೆಯಾಯಿತು. ನಡೆನುಡಿಯಲ್ಲೂ ಹೀಗಾಗುವುದುಂಟು. ತರಗತಿಯಲ್ಲಿ ಮೇಷ್ಟರು ಆಡುವ ಗಟ್ಟಿದನಿಯನ್ನು ಆಸ್ಪತ್ರೆಯ ಮಂಚದ ಬಳಿಯಲ್ಲೂ ಆಡಿದರೆ ಅದನ್ನು ಏಕರೀತಿಯ ನಡತೆಯೆಂದು ಯಾರೂ ಮೆಚ್ಚುವುದಿಲ್ಲ.

ಈ ತೊಡಕನ್ನು ಕಂಡು ದಾರಿ ಹುಡುಕಿದವರೂ ಇದ್ದಾರೆ. ಅಮೆರಿಕದ ಈಥನ್ ಸ್ಕೂನೋವರ್ ಎಂಬಾತ ೨೦೧೧ರಲ್ಲಿ ‘ಸೋಲರೈಸ್ಡ್’ ಎಂಬ ಬಣ್ಣಗಳ ಕಟ್ಟನ್ನು ಹೊರತಂದ. ಅದರಲ್ಲಿರುವುದು ಹದಿನಾರೇ ಬಣ್ಣ: ಎಂಟು ಹಿನ್ನೆಲೆಗೂ ಸಾಮಾನ್ಯ ಅಕ್ಷರಕ್ಕೂ, ಎಂಟು ಎದ್ದು ಕಾಣಬೇಕಾದುದಕ್ಕೆ. ಅದಕ್ಕೆ ಬೆಳಕಿನ ರೂಪ ಒಂದು, ಕತ್ತಲೆಯ ರೂಪ ಒಂದು. ಒಂದರಿಂದ ಇನ್ನೊಂದಕ್ಕೆ ಹೋದಾಗ ಹಿನ್ನೆಲೆ ಬದಲಾಗುತ್ತದೆ. ಆದರೆ ಬಣ್ಣ ಬಣ್ಣಗಳ ನಡುವಣ ಬೆಳಕಿನ ಅಂತರ ಕೆಡದಂತೆ ಅಳೆದು ಜೋಡಿಸಿದೆ. ಅವನು ಕಾಪಾಡಿದ್ದು ಸಂಬಂಧವನ್ನು. ಹಗಲಿನ ಮುಖ ಬೇರೆ, ಇರುಳಿನ ಮುಖ ಬೇರೆ, ಆದರೂ ಇವರು ಒಂದೇ ಮನೆಯವರು ಎಂದು ನೋಡಿದವರಿಗೆ ತಿಳಿಯುತ್ತದೆ.

ನಮ್ಮ ಯಕ್ಷಗಾನದವರಿಗೆ ಇದು ಹೊಸ ಪಾಠವಲ್ಲ. ಚೌಕಿಗೂ ರಂಗಸ್ಥಳಕ್ಕೂ ಎಷ್ಟು ಅಂತರ! ಚೌಕಿಯಲ್ಲಿ ಗಣಪತಿಯ ಪೂಜೆ, ಬಣ್ಣದ ಬಟ್ಟಲು, ಕನ್ನಡಿ, ಬೀಡಾ, ಸಣ್ಣ ದನಿಯ ಮಾತು. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಚೌಕಿಯೂ ರಂಗಸ್ಥಳದಂತೆಯೇ ಇರಲಿ ಎಂದು ಅಲ್ಲಿಯೂ ಚೆಂಡೆ ಬಾರಿಸಿದರೆ ವೇಷ ಮುಗಿದೀತೆ? ಆದರೆ ಮುಖದ ಬಣ್ಣ ಮಾತ್ರ ರಂಗಸ್ಥಳದ ಬೆಳಕನ್ನು ಎಣಿಸಿಯೇ ಇಡಬೇಕು. ಚೌಕಿಯ ಕನ್ನಡಿ ಮೆಚ್ಚಿದರೆ ಸಾಲದು. ಕೆಲಸದ ಜಾಗಕ್ಕೆ ಅದರದೇ ಶಾಂತಿ ಬೇಕು. ಕೆಲಸದ ಫಲ ಮಾತ್ರ ನೋಡುವವನ ಬೆಳಕಿನಲ್ಲಿ ಪರೀಕ್ಷೆಗೆ ನಿಲ್ಲಬೇಕು. ಈ ಎರಡನ್ನೂ ಒಂದೆಂದು ತಿಳಿದದ್ದರಿಂದಲೇ ನಮ್ಮ ಪ್ರಶ್ನೆ ಸಿಕ್ಕುಸಿಕ್ಕಾಯಿತೆಂದು ನನಗೆ ತೋರುತ್ತದೆ.

ಇನ್ನು ‘ಕಾಪಾಡಿಕೊಂಡು ಹೋಗುವುದು’ ಎಂಬ ಮಾತಿದೆಯಲ್ಲ, ಅದು ಬೇರೆಯೇ ಒಂದು ನೈತಿಕ ವಿಷಯ. ಒಂದು ಸಲ ಹೊಂದಿಸುವುದು ಉತ್ಸಾಹದ ಕೆಲಸ. ಹೊಂದಿಸಿದ್ದನ್ನು ಉಳಿಸಿಕೊಳ್ಳುವುದು ವ್ರತ. ವೆಬ್‌ಸೈಟಿನ ಬಣ್ಣ ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಬದಲಾಗುತ್ತದೆ. ಎರಡು ಕಡತಗಳಲ್ಲಿ ಒಂದೇ ಸಂಗತಿಯನ್ನು ಬರೆದಿಟ್ಟವರೆಲ್ಲರ ಗತಿ ಒಂದೇ: ಒಂದನ್ನು ತಿದ್ದುತ್ತಾರೆ, ಇನ್ನೊಂದನ್ನು ಮರೆಯುತ್ತಾರೆ, ವರ್ಷ ಕಳೆಯುವುದರೊಳಗೆ ಎರಡೂ ದಾಯಾದಿಗಳಾಗುತ್ತವೆ. ಬಲ್ಲವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ಬಣ್ಣಗಳನ್ನೆಲ್ಲ ಒಂದೇ ಮೂಲ ಕಡತದಲ್ಲಿ ಹೆಸರಿಟ್ಟು ಬರೆಯುವುದು; ವೆಬ್‌ಸೈಟಿಗೆ ಬೇಕಾದ ಕಡತವನ್ನೂ ಎಡಿಟರಿಗೆ ಬೇಕಾದ ಕಡತವನ್ನೂ ಆ ಮೂಲದಿಂದಲೇ ಯಂತ್ರ ತಯಾರಿಸುವಂತೆ ಮಾಡುವುದು. ಮೂಲದಲ್ಲಿ ತಿದ್ದಿದರೆ ಎರಡು ಕಡೆಯಲ್ಲೂ ತಿದ್ದಿದಂತೆಯೇ. ಸುಳ್ಳು ಹೇಳುವವನಿಗೆ ಯಾರಿಗೆ ಏನು ಹೇಳಿದೆನೆಂಬ ಲೆಕ್ಕ ಇಡಬೇಕಾಗುತ್ತದೆ; ನಿಜ ಹೇಳುವವನಿಗೆ ಆ ಕಷ್ಟವಿಲ್ಲ. ಮೂಲ ಒಂದೇ ಆಗಿರುವುದರ ಲಾಭ ಇದು.

ಆದರೆ ಉಪಾಯ ಸಿಕ್ಕಿದಷ್ಟಕ್ಕೇ ಆಲಸ್ಯದ ಭಯ ಹೋಗಲಿಲ್ಲ. ಆಲಸ್ಯವೆಂದರೆ ಕೈಕಟ್ಟಿ ಕೂಡುವುದೊಂದೇ ಅಲ್ಲ. ಮಾಡಬೇಕಾದ ಕೆಲಸವನ್ನು ಬಿಟ್ಟು ಅದರ ಸಲಕರಣೆಗಳನ್ನು ಒರೆಸುತ್ತ ಕೂಡುವುದೂ ಆಲಸ್ಯವೇ. ಲೇಖನಿಯನ್ನು ಆರಿಸುವುದರಲ್ಲಿ ಸಂಜೆಯನ್ನು ಕಳೆದ ಕವಿ ಅಂದು ಪದ್ಯ ಬರೆಯುವುದಿಲ್ಲ. ಬೂದುಬಣ್ಣವನ್ನು ಒಂದು ಮೆಟ್ಟಿಲು ಏರಿಸಿ, ಎರಡು ಮೆಟ್ಟಿಲು ಇಳಿಸಿ ರಾತ್ರಿ ಒಂದಾಯಿತು. ಪಾಠ ಮಾತ್ರ ಮೊದಲ ಸಾಲಿನಲ್ಲೇ ನಿಂತಿದೆ ಎಂದಾದರೆ, ಆ ಹೊಂದಿಕೆ ಯಾರಿಗೆ ಉಪಕಾರ? ಕಲಿಯಬಂದ ಹುಡುಗನಿಗೆ ಬೇಕಾದುದು ಪಾಠ. ಹೀಗಾಗಿ ಬಣ್ಣ ಹೊಂದಿಸುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಇದರಿಂದ ಓದುಗನಿಗೆ ಏನು ಕಂಡಿತು ಎಂಬುದು. ಏನೋ ಕಂಡಿತು ಎಂದು ಹೇಳಲಾಗುವಷ್ಟು ದಿನ ಆ ಶ್ರಮ ಸಾರ್ಥಕ.

ಓದುಗನೆಂದರೆ ಒಬ್ಬನೇ ಅಲ್ಲ ಎಂಬುದನ್ನೂ ನೆನೆಯಬೇಕು. ಕೆಂಪಿಗೂ ಹಸಿರಿಗೂ ಭೇದ ಕಾಣದ ಕಣ್ಣುಗಳಿವೆ. ಐವತ್ತು ದಾಟಿದ ಮೇಲೆ ಮಸುಕಾದ ಬೂದು ಅಕ್ಷರವನ್ನು ಓದಲಾಗದ ಕಣ್ಣುಗಳಿವೆ. ವೆಬ್ಬಿನ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟ ೨೦೦೮ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕಡೆಯ ಪಕ್ಷ ೪.೫ಕ್ಕೆ ೧ರಷ್ಟು ಬೆಳಕಿನ ಅಂತರವನ್ನು ಕೇಳುತ್ತದೆ; ಅರ್ಥವನ್ನು ಬಣ್ಣವೊಂದರಿಂದಲೇ ತಿಳಿಸಬಾರದು ಎಂದೂ ಹೇಳುತ್ತದೆ. ಎಷ್ಟು ಚೆನ್ನಾಗಿ ಹೊಂದಿದ ಬಣ್ಣವಾದರೂ ಒಬ್ಬನ ಕಣ್ಣಿಗೆ ಕಾಣದಿದ್ದರೆ ಅವನ ಪಾಲಿಗೆ ಅದು ಕದ ಮುಚ್ಚಿದ ಮನೆ. ಸೊಬಗಿಗಿಂತ ಸೌಜನ್ಯ ದೊಡ್ಡದು.

ಕೊನೆಯದಾಗಿ ಇನ್ನೊಂದು ಮಾತು. ನನ್ನ ವಿದ್ಯಾರ್ಥಿ ತಾನೇ ಬಯಸಿ ಹೊಂದಿಸಿಕೊಂಡ. ಅದನ್ನೇ ಒಂದು ಕಂಪನಿಯ ಯಜಮಾನರು, ‘ನಮ್ಮ ವೆಬ್‌ಸೈಟಿನ ಬಣ್ಣವೇ ನಿಮ್ಮೆಲ್ಲರ ಎಡಿಟರಿನಲ್ಲೂ ಇರತಕ್ಕದ್ದು’ ಎಂದು ಆಜ್ಞೆ ಹೊರಡಿಸಿದರೆಂದು ಊಹಿಸಿ. ಕುರ್ಚಿ ಕಂಪನಿಯದು, ಮೇಜು ಕಂಪನಿಯದು, ಕೊರಳಿನ ಪಟ್ಟಿ ಕಂಪನಿಯದು. ತನ್ನ ಕಣ್ಣಿಗೆ ಹಿತವಾಗಲೆಂದು ಆರಿಸಿಕೊಂಡ ಒಂದು ಹಿನ್ನೆಲೆಯ ಬಣ್ಣವಷ್ಟೇ ಅವನದಾಗಿ ಉಳಿದಿರುವುದು. ಅದೂ ಹೋದರೆ ಒಳಗೂ ಹೊರಗೂ ಒಂದಾಯಿತು, ನಿಜ. ಆದರೆ ಹೊರಗು ಒಳಗನ್ನು ನುಂಗಿ ಒಂದಾಯಿತು. ಇದಕ್ಕೆ ಪ್ರಾಮಾಣಿಕತೆ ಎಂಬ ಹೆಸರು ಸಲ್ಲುವುದಿಲ್ಲ, ಇದು ಸಮವಸ್ತ್ರ. ಒಳಗಿನದು ಹೊರಗೆ ಬರುವುದು ಸತ್ಯ. ಹೊರಗಿನದನ್ನು ಒಳಕ್ಕೆ ತುರುಕುವುದು ಬಲಾತ್ಕಾರ. ನೋಡುವವನಿಗೆ ಎರಡೂ ಒಂದೇ ಬಣ್ಣವಾಗಿ ಕಾಣುತ್ತವೆ ಎಂಬುದೇ ಇಲ್ಲಿರುವ ಮೋಸ.

ಕನ್ನಡದಲ್ಲಿ ‘ಹೊಂದಿಕೆ’ ಎಂಬ ಪದವಿದೆ. ‘ಮ್ಯಾಚಿಂಗ್’ ಎಂಬುದರಲ್ಲಿ ಎರಡು ವಸ್ತುಗಳ ಬಣ್ಣ ಒಂದೇ ಇದ್ದರೆ ಸಾಕು, ಕೆಲಸ ಮುಗಿಯಿತು. ಹೊಂದಿಕೆ ಹಾಗಲ್ಲ. ಗಂಡಹೆಂಡಿರು ಹೊಂದಿಕೊಂಡು ಹೋಗುತ್ತಾರೆ, ಅತ್ತೆ ಸೊಸೆಯರು ಹೊಂದಿಕೊಳ್ಳುತ್ತಾರೆ, ಒಂದೇ ಗೋಡೆ ಹಂಚಿಕೊಂಡ ನೆರೆಮನೆಯವರು ಹೊಂದಿಕೊಳ್ಳುತ್ತಾರೆ ಎನ್ನುತ್ತೇವೆ. ಹೊಂದಿಕೆಗೆ ಇಬ್ಬರು ಬೇಕು; ಇಬ್ಬರೂ ಬೇರೆ ಬೇರೆಯಾಗಿರಬೇಕು; ಬೇರೆಯಾಗಿದ್ದೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಬೇಕು. ಒಬ್ಬರು ಇನ್ನೊಬ್ಬರ ನೆರಳಾಗಿಬಿಟ್ಟ ಮನೆಯಲ್ಲಿ ಜಗಳವಿಲ್ಲದೆ ಇರಬಹುದು, ಹೊಂದಿಕೆಯೂ ಇರುವುದಿಲ್ಲ.

ಬರೆಯುವ ತೆರೆಗೂ ತೋರುವ ತೆರೆಗೂ, ಅಡುಗೆಮನೆಗೂ ಊಟದ ಮನೆಗೂ, ಅಂತರಂಗಕ್ಕೂ ಬಹಿರಂಗಕ್ಕೂ ಬೇಕಾದುದು ಇಂಥ ಹೊಂದಿಕೆ. ಓದುಗನಿಗೆ ಕೊಟ್ಟ ಮಾತು ಎಲ್ಲಿದೆಯೋ ಅಲ್ಲಿ ಗವಂತಿಯ ಹೊಲಿಗೆಯಂತೆ ಎರಡು ಮಗ್ಗುಲೂ ಒಂದೇ ಆಗಿರಲಿ. ಕೆಲಸದ ಹದ ಬೇರೆಯದನ್ನು ಕೇಳಿದ ಕಡೆ ಮೆಂತೆಯ ಹೊಲಿಗೆಯಂತೆ ಒಳಮೈ ಬೇರೆಯಾಗಿಯೇ ಇರಲಿ, ಅದಕ್ಕೆ ನಾಚಬೇಕಾಗಿಲ್ಲ. ಎರಡರಲ್ಲೂ ಎಳೆಯನ್ನು ಎಣಿಸುವ ಕೈ ಒಂದೇ, ಅದರ ಶ್ರದ್ಧೆ ಒಂದೇ. ಬಣ್ಣ ಬದಲಾದರೂ ಆ ಶ್ರದ್ಧೆ ಬದಲಾಗದಿದ್ದರೆ, ‘ಒಳಗೊಂದು ಹೊರಗೊಂದು’ ಎಂದು ಅವನನ್ನು ಯಾರೂ ಬೈಯಲಾರರು.